ಮಟ್ಟುಗುಳ್ಳದ ಸ್ಟಿಕ್ಕರ್, ಬ್ಯಾಡಗಿಯ ಸುಕ್ಕು: ಜಿಐ ಟ್ಯಾಗ್ ನಿಜಕ್ಕೂ ಏನು ಮಾಡುತ್ತದೆ?

ಮಳೆಗಾಲ ಮುಗಿದು ಚಳಿ ಶುರುವಾದ ಮೇಲೆ ಉಡುಪಿಯ ತರಕಾರಿ ಅಂಗಡಿಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ. "ಇದು ಮಟ್ಟುದಾ?" ಎದುರಿಗೆ ತಿಳಿ ಹಸಿರು ಬಣ್ಣದ, ಮೈಮೇಲೆ ಬಿಳಿ ಗೀರುಗಳಿರುವ ದುಂಡನೆಯ ಬದನೆ ರಾಶಿ ಬಿದ್ದಿರುತ್ತದೆ. ಅದೇ ಗುಳ್ಳ. ಬೇರೆ ಊರುಗಳಲ್ಲೂ ಗುಳ್ಳ ಬೆಳೆಯುತ್ತಾರೆ, ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಆದರೆ ಹುಳಿ ಮಾಡುವವರಿಗೆ ಬೇಕಾದದ್ದು ಕಟಪಾಡಿ ಹತ್ತಿರ, ಕಡಲ ಬದಿಯ ಮಟ್ಟು ಎಂಬ ಊರಿನ ಮರಳು ಮಣ್ಣಿನಲ್ಲಿ ಬೆಳೆದ ಗುಳ್ಳ. ಸಿಪ್ಪೆ ತೆಳು. ಬೇಗ ಬೇಯುತ್ತದೆ. ಬಾಯಿಗಿಟ್ಟರೆ ಕರಗುತ್ತದೆ.

ಊರಿಗೂ ಗುಳ್ಳಕ್ಕೂ ನಂಟು ಹಳೆಯದು. ಸೋದೆ ಮಠದ ವಾದಿರಾಜರು 16ನೇ ಶತಮಾನದಲ್ಲಿ ಮಟ್ಟುವಿನ ಜನರಿಗೆ ಇದರ ಬೀಜ ಕೊಟ್ಟರು ಎಂಬ ಕಥೆ ಅಲ್ಲಿ ಮನೆಮನೆಗೂ ಗೊತ್ತು. ಉಡುಪಿಯ ಪರ್ಯಾಯವನ್ನು, ಅಂದರೆ ಕೃಷ್ಣಮಠದ ಪೂಜೆಯ ಸರದಿಯನ್ನು, ಎರಡು ತಿಂಗಳಿಂದ ಎರಡು ವರ್ಷಕ್ಕೆ ಬದಲಾಯಿಸಿದವರೂ ಅದೇ ವಾದಿರಾಜರು. ಇವತ್ತಿಗೂ ಪರ್ಯಾಯಕ್ಕೆ ಮಟ್ಟುವಿನಿಂದ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ.

2011ರಲ್ಲಿ ಉಡುಪಿ ಮಟ್ಟುಗುಳ್ಳಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಬೇರೆ ಗುಳ್ಳವನ್ನು ಮಟ್ಟುದು ಅಂತ ಹೇಳಿ ಮಾರುವುದನ್ನು ತಡೆಯಲು ಬೆಳೆಗಾರರು ತಮ್ಮ ಗುಳ್ಳಕ್ಕೆ ಸ್ಟಿಕ್ಕರ್ ಅಂಟಿಸಲು ಶುರು ಮಾಡಿದರು. ಬದನೆಗೆ ಸ್ಟಿಕ್ಕರ್! ನನಗೆ ಜಿಐ ಟ್ಯಾಗ್ ಅಂದರೆ ಏನು ಅಂತ ಸರಿಯಾಗಿ ಅರ್ಥವಾದದ್ದು ಈ ಸ್ಟಿಕ್ಕರ್‌ನಿಂದ. ಪತ್ರಿಕೆಯಲ್ಲಿ "ನಮ್ಮ ಊರಿನ ತಿನಿಸಿಗೆ ಜಿಐ ಮಾನ್ಯತೆ" ಅಂತ ಸುದ್ದಿ ಬಂದಾಗ ನಾವು ಪ್ರಶಸ್ತಿ ಬಂದ ಹಾಗೆ ಖುಷಿ ಪಡುತ್ತೇವೆ. ಖುಷಿ ಪಡಬೇಕಾದದ್ದೇ. ಆದರೆ ಕೆಲಸ ಶುರುವಾಗುವುದು ಆ ಸುದ್ದಿ ಬಂದ ಮರುದಿನ.

ಜಿಐ ಅಂದರೆ ಭೌಗೋಳಿಕ ಗುರುತು. ನಮ್ಮ ದೇಶದಲ್ಲಿ ಇದಕ್ಕೆ 1999ರಲ್ಲಿ ಕಾನೂನು ಮಾಡಿದರು, 2003ರ ಸೆಪ್ಟೆಂಬರ್ 15ರಿಂದ ಅದು ಜಾರಿಗೆ ಬಂತು. ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಮೊದಲು ನೋಂದಣಿ ಆದದ್ದು ಡಾರ್ಜಿಲಿಂಗ್ ಚಹಾ. ಕರ್ನಾಟಕದ ಪಟ್ಟಿಯಲ್ಲಿ ಈಗ 40ಕ್ಕೂ ಹೆಚ್ಚು ಹೆಸರುಗಳಿವೆ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಯಂಥ ಕೈಕೆಲಸಗಳೂ ಇವೆ, ಕೊಡಗಿನ ಕಿತ್ತಳೆ, ದೇವನಹಳ್ಳಿ ಚಕ್ಕೋತ, ಮೈಸೂರು ವೀಳ್ಯದೆಲೆ, ಶಿರಸಿ ಅಡಿಕೆಯಂಥ ಬೆಳೆಗಳೂ ಇವೆ.

ಕಾನೂನು ಕಾಯುವುದು ಒಂದನ್ನೇ, ಅದು ಹೆಸರು. ಒಂದು ಪದಾರ್ಥದ ಗುಣವೋ, ಹೆಸರುವಾಸಿಯೋ, ಬೇರೇನಾದರೂ ವಿಶೇಷವೋ ಮುಖ್ಯವಾಗಿ ಅದು ಬಂದ ಜಾಗದಿಂದಲೇ ಬಂದಿದ್ದರೆ, ಆ ಜಾಗದ ಹೆಸರನ್ನು ಹೊರಗಿನವರು ಹಾಕಿಕೊಂಡು ಮಾರುವಂತಿಲ್ಲ. ಮಾರಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಟ್ರೇಡ್‌ಮಾರ್ಕ್ ಒಂದು ಕಂಪನಿಯ ಸೊತ್ತು, ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಜಿಐ ಹಾಗಲ್ಲ. ಅದನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ.

ನನಗೆ ಇದು ಊರ ಕೆರೆಯ ಹಾಗೆ ಕಾಣುತ್ತದೆ. ಅಚ್ಚುಕಟ್ಟಿನಲ್ಲಿ ಹೊಲ ಇರುವವರಿಗೆಲ್ಲ ನೀರಿನ ಹಕ್ಕು ಇರುತ್ತದೆ. ಆದರೆ ಕೆರೆ ಯಾರೊಬ್ಬರದೂ ಅಲ್ಲ. ತೂಬು ನೋಡಿಕೊಳ್ಳಲು ಒಬ್ಬ ನೀರುಗಂಟಿ ಬೇಕು. ಹೂಳು ತುಂಬಿದರೆ ಎಲ್ಲರೂ ಸೇರಿ ಎತ್ತಬೇಕು. ಜಿಐ ಅರ್ಜಿಯಲ್ಲೂ ಹೆಚ್ಚುಕಡಿಮೆ ಇವೇ ಇರುತ್ತವೆ. ಯಾವ ಊರಿಂದ ಯಾವ ಊರಿನವರೆಗೆ ಅಂತ ಒಂದು ನಕ್ಷೆ ಕೊಡಬೇಕು. ಅದೇ ಅಚ್ಚುಕಟ್ಟು. ಗುಣಮಟ್ಟ ನೋಡಿಕೊಳ್ಳುವವರು ಯಾರು ಅಂತ ಬರೆಯಬೇಕು. ಅವರೇ ನೀರುಗಂಟಿ.

ಈಗ ನಿಜವಾಗಿ ತಲೆ ಕೆಡಿಸುವ ಪ್ರಶ್ನೆಗೆ ಬರೋಣ. ರುಚಿ ಜಾಗದಿಂದಲೇ ಬಂತು ಅಂತ ತೋರಿಸುವುದು ಹೇಗೆ?

ಕೆಲವು ಕಡೆ ಇದು ಕಣ್ಣಿಗೆ ಕಾಣುತ್ತದೆ. ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯ ವಿಷಯ ತಗೊಳ್ಳಿ. ಹಿಂದೆ ಕಾಫಿ ಬೀಜ ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಯುರೋಪಿಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಸಮುದ್ರದ ತೇವ ಕುಡಿದು ಬೀಜ ಉಬ್ಬುತ್ತಿತ್ತು, ಹಸಿರು ಹೋಗಿ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿನ ಜನರಿಗೆ ಆ ರುಚಿಯೇ ಅಭ್ಯಾಸವಾಗಿಬಿಟ್ಟಿತು. ಹಡಗು ವೇಗವಾಗಿ ಹೋಗಲು ಶುರುವಾದಾಗ ಬೀಜ ಹಸಿರಾಗಿಯೇ ತಲುಪಿತು, ರುಚಿ ಬದಲಾಯಿತು. ಆಗ ಮಂಗಳೂರು ಕಡೆಯ ಕರಾವಳಿಯಲ್ಲಿ ಅದನ್ನೇ ದಡದ ಮೇಲೆ ಮಾಡಲು ಕಲಿತರು. ಗಾಳಿಯಾಡುವ ಗೋದಾಮಿನಲ್ಲಿ ಬೀಜ ಹರಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಅದರ ಮೇಲೆ ಬೀಸುತ್ತದೆ. ಮತ್ತೆ ಮತ್ತೆ ಕೈಯಾಡಿಸಿ, ಚೀಲ ಬದಲಾಯಿಸುತ್ತಾರೆ. ಬೀಜ ಬೆಳೆಯುವುದು ಮಲೆನಾಡಿನ ತೋಟದಲ್ಲಿ, ರುಚಿ ಬರುವುದು ಕರಾವಳಿಯ ಗಾಳಿಯಲ್ಲಿ. ಆ ಗಾಳಿಯನ್ನು ಬೇರೆ ಕಡೆಗೆ ಒಯ್ಯಲು ಆಗುವುದಿಲ್ಲ ಅಲ್ವಾ? ಕಾಫಿ ಬೋರ್ಡ್ ಈ ಹೆಸರನ್ನು ಜಿಐ ಅಡಿ ನೋಂದಣಿ ಮಾಡಿಸಿದೆ.

ಧಾರವಾಡ ಪೇಡೆಯದು ಬೇರೆ ಕಥೆ. ಅದನ್ನು ತಂದವರು ಧಾರವಾಡದವರೇ ಅಲ್ಲ. 19ನೇ ಶತಮಾನದಲ್ಲಿ ಪ್ಲೇಗ್‌ಗೆ ಹೆದರಿ ಈಗಿನ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನದವರು ಹೊಟ್ಟೆಪಾಡಿಗೆ ಪೇಡೆ ಮಾಡಲು ಶುರು ಮಾಡಿದರು ಅಂತ ಹೇಳುತ್ತಾರೆ. ಲೈನ್ ಬಜಾರ್‌ನ ಅವರ ಅಂಗಡಿಯ ಮುಂದೆ ಜನ ಸಾಲುಗಟ್ಟುವುದು ಎಷ್ಟೋ ತಲೆಮಾರಿನ ನೆನಪು. 1933ರಲ್ಲಿ ಮಿಶ್ರಾ ಮನೆತನದವರೂ ಇದೇ ಕೆಲಸಕ್ಕೆ ಇಳಿದರು. ಹಾಗಾದರೆ ಇದರಲ್ಲಿ ಧಾರವಾಡದ್ದು ಏನು? ಹಾಲು ಅಲ್ಲಿನದು. ಗೌಳಿಗರು ಸಾಕುವ, ಸುತ್ತಲಿನ ಬಯಲಲ್ಲಿ ಮೇಯುವ ಧಾರವಾಡಿ ಎಮ್ಮೆಯ ಹಾಲು. ಅದಕ್ಕೆ ಈಗ ಪ್ರತ್ಯೇಕ ತಳಿ ಅಂತಲೇ ಮಾನ್ಯತೆ ಇದೆ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿಯುವ ಕೈಹದ ಅಲ್ಲಿನದು. ಇನ್ನು ನೂರಕ್ಕೂ ಹೆಚ್ಚು ವರ್ಷ ಆ ಊರಿನ ಹೆಸರಿನಲ್ಲೇ ಗಳಿಸಿದ ನಂಬಿಕೆ. ಕಾನೂನಿಗೆ ಇಷ್ಟು ಸಾಕು. ಹೆಸರುವಾಸಿ ಅಂತ ಕಾನೂನಿನಲ್ಲೇ ಬರೆದಿದೆ ಅಂದೆನಲ್ಲ, ಆ ಪದಕ್ಕೆ ಪೇಡೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಆದ್ದರಿಂದ "ಇದನ್ನು ಮೊದಲು ಕಂಡುಹಿಡಿದವರು ಯಾರು" ಎಂಬ ಜಗಳಕ್ಕೂ ಜಿಐಗೂ ನಾವು ಅಂದುಕೊಂಡಷ್ಟು ಸಂಬಂಧ ಇಲ್ಲ. ರಸಗುಲ್ಲದ ವಿಷಯದಲ್ಲಿ ಬಂಗಾಳ, ಒಡಿಶಾ ಎರಡೂ ಹಟ ಹಿಡಿದಿದ್ದವು. 2017ರ ನವೆಂಬರ್‌ನಲ್ಲಿ "ಬಾಂಗ್ಲಾರ್ ರಸೊಗೊಲ್ಲ"ಕ್ಕೆ ಟ್ಯಾಗ್ ಸಿಕ್ಕಿತು. 2019ರ ಜುಲೈನಲ್ಲಿ "ಒಡಿಶಾ ರಸಗೊಲ"ಕ್ಕೂ ಸಿಕ್ಕಿತು. ಎರಡರ ಮಾಡುವ ರೀತಿ ಬೇರೆ, ಬಣ್ಣ ಬೇರೆ, ಮೆದುತನ ಬೇರೆ. ಎರಡೂ ತಮ್ಮ ತಮ್ಮ ಜಾಗದ ಹೆಸರಿನೊಂದಿಗೆ ಪಟ್ಟಿಯಲ್ಲಿವೆ.

ಮೈಸೂರು ಪಾಕ್‌ಗೆ ಯಾಕೆ ಇಲ್ಲ ಅಂತ ಅನೇಕರು ಕೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪ ಮಾಡಿದ್ದು ಎಂಬ ಕಥೆ ನಮಗೆಲ್ಲ ಪ್ರೀತಿಯದು. ಆದರೆ ಒಂದು ತೊಡಕಿದೆ. ಜಾಗದ ಹೆಸರು ಹೋಗಿ ಬರೀ ಪದಾರ್ಥದ ಹೆಸರಾಗಿಬಿಟ್ಟರೆ ಕಾನೂನು ಅದನ್ನು ನೋಂದಣಿ ಮಾಡುವುದಿಲ್ಲ. ಚೆನ್ನೈನಲ್ಲಿ, ಹೈದರಾಬಾದಿನಲ್ಲಿ, ದುಬೈನಲ್ಲಿ ಮೈಸೂರು ಪಾಕ್ ಕೊಳ್ಳುವವರು ಅದು ಮೈಸೂರಿನಿಂದ ಬಂದಿದೆ ಅಂದುಕೊಳ್ಳುವುದಿಲ್ಲ. ಯಾರಾದರೂ ಅರ್ಜಿ ಹಾಕಿದರೆ ಮೊದಲು ಉತ್ತರ ಕೊಡಬೇಕಾದ ಪ್ರಶ್ನೆ ಇದು. ನನ್ನ ಮಟ್ಟಿಗೆ ಹೇಳುವುದಾದರೆ, ಮೈಸೂರು ಪಾಕ್ ಇಡೀ ದೇಶದ್ದಾಗಿರುವುದೇ ಅದರ ದೊಡ್ಡತನ. ಅದಕ್ಕೆ ಬೇಲಿ ಬೇಕಿಲ್ಲ.

ಅರ್ಜಿ ಯಾರು ಹಾಕಬಹುದು? ಒಬ್ಬ ವ್ಯಾಪಾರಿ ತನ್ನ ಲಾಭಕ್ಕೆ ಹಾಕುವಂತಿಲ್ಲ. ಬೆಳೆಗಾರರ ಸಂಘ, ತಯಾರಕರ ಸಂಘ, ಅವರ ಪರವಾಗಿ ನಿಲ್ಲುವ ಸರ್ಕಾರಿ ಸಂಸ್ಥೆ ಹಾಕಬೇಕು. ತಿರುಪತಿ ಲಡ್ಡು ಮಾತ್ರ ಇಲ್ಲಿ ವಿಚಿತ್ರವಾಗಿ ಕಾಣುತ್ತದೆ. ಅದನ್ನು ಮಾಡುವುದು ದೇವಸ್ಥಾನ ಒಂದೇ, ಹೆಸರೂ ಅದರದೇ. 2009ರಲ್ಲಿ ಅದಕ್ಕೆ ಟ್ಯಾಗ್ ಸಿಕ್ಕಾಗ, ಹತ್ತಾರು ಜನರ ಹಕ್ಕಿಗಾಗಿ ಮಾಡಿದ ಕಾನೂನನ್ನು ಒಂದು ಸಂಸ್ಥೆಗೆ ಕೊಡುವುದು ಸರಿಯೇ ಅಂತ ಕಾನೂನು ತಿಳಿದವರು ಪ್ರಶ್ನೆ ಎತ್ತಿದ್ದರು.

ಅರ್ಜಿಗೆ ಕಥೆ ಸಾಲದು, ದಾಖಲೆ ಬೇಕು. ಹಳೆಯ ಗೆಜೆಟಿಯರ್, ಹಳೆಯ ಪತ್ರ, ಬಿಲ್ಲು, ಪುಸ್ತಕದಲ್ಲಿ ಬಂದ ಉಲ್ಲೇಖ, ಮಣ್ಣಿನ ವರದಿ, ಮಾಡುವ ವಿಧಾನ ಎಲ್ಲ ಸೇರಿಸಬೇಕು. ತಜ್ಞರು ನೋಡುತ್ತಾರೆ. ಆಮೇಲೆ ಜಿಐ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ಯಾರಿಗಾದರೂ ತಕರಾರು ಇದ್ದರೆ ಹೇಳಲು 3 ತಿಂಗಳು ಸಮಯ, ಬೇಕಾದರೆ ಇನ್ನೊಂದು ತಿಂಗಳು. ನೋಂದಣಿ ಆದರೆ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬೇಕು.

ಇಲ್ಲಿಯವರೆಗಿನದು ಪತ್ರಿಕೆಯಲ್ಲಿ ಬರುತ್ತದೆ. ಬಾರದೆ ಉಳಿಯುವ ಭಾಗ ಇನ್ನೊಂದಿದೆ. ಜಿಐ ನೋಂದಣಿ ಪುಸ್ತಕದಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಅರ್ಜಿ ಹಾಕಿದವರ ಹೆಸರು. ನಮ್ಮ ರಾಜ್ಯದ ಎಷ್ಟೋ ಹಣ್ಣು, ತರಕಾರಿ, ಹೂವುಗಳಿಗೆ ಆ ಜಾಗದಲ್ಲಿ ಇರುವುದು ತೋಟಗಾರಿಕೆ ಇಲಾಖೆಯ ಹೆಸರು. ಎರಡನೆಯ ಭಾಗದಲ್ಲಿ ಅಧಿಕೃತ ಬಳಕೆದಾರರ ಹೆಸರು. ಅಂದರೆ ನಿಜವಾಗಿ ಬೆಳೆಯುವವರು, ಮಾಡುವವರು. ಮಟ್ಟುವಿನಲ್ಲೇ ಹುಟ್ಟಿ, ಅಜ್ಜನ ಕಾಲದಿಂದ ಗುಳ್ಳ ಬೆಳೆದರೂ ರೈತ ತಾನಾಗಿ ಈ ಎರಡನೆಯ ಭಾಗಕ್ಕೆ ಸೇರುವುದಿಲ್ಲ. ಅರ್ಜಿ ಹಾಕಬೇಕು. ಸೇರಿದವರೇ ಜಿಐ ಗುರುತನ್ನು ಹಾಕಿಕೊಳ್ಳಬಹುದು, ನಕಲಿಯ ಮೇಲೆ ದೂರು ಕೊಡಬಹುದು. 2020ರಲ್ಲಿ ನಿಯಮ ಬದಲಾಯಿಸಿ ಇದರ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಹಣದ ಅಡ್ಡಿ ಹೋಯಿತು. ಆದರೆ ಇಂಥದ್ದೊಂದು ಪಟ್ಟಿ ಇದೆ ಅಂತ ರೈತರಿಗೆ ಹೇಳುವವರು ಬೇಕು, ಫಾರ್ಮ್ ತುಂಬಿಸುವವರು ಬೇಕು. ಟ್ಯಾಗ್ ಬಂದ ದಿನ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವವರು ಈ ಕೆಲಸಕ್ಕೂ ಊರಿಗೆ ಬರಬೇಕು ಅನ್ನುವುದು ನನ್ನ ಆಸೆ.

ಇನ್ನು ಬ್ಯಾಡಗಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ "ಅಪ್ಪಟ ಬ್ಯಾಡಗಿ" ಅಂತ ಬರೆದ ಪುಡಿ ತಂದೆ. ಸಾರಿಗೆ ಹಾಕಿದರೆ ಬಣ್ಣ ಪರವಾಗಿಲ್ಲ, ಬಾಯಿ ಮಾತ್ರ ಉರಿದುಹೋಯಿತು. ಬ್ಯಾಡಗಿ ಮೆಣಸಿನಕಾಯಿ ಗೊತ್ತಿದ್ದವರಿಗೆ ಅಷ್ಟರಲ್ಲೇ ಅನುಮಾನ ಬರುತ್ತದೆ. ಬ್ಯಾಡಗಿಯ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. ಕೋರಿ ಗಸ್ಸಿಯ ಕೆಂಪು, ಮಸಾಲೆ ದೋಸೆಯ ಒಳಗೆ ಸವರುವ ಚಟ್ನಿಯ ಕೆಂಪು ಬರುವುದು ಇದರಿಂದ. ಕಾಯಿಯ ಮೈಯೆಲ್ಲ ಸುಕ್ಕು. ಡಬ್ಬಿ ಅಂದರೆ ಗಿಡ್ಡ, ದಪ್ಪ. ಕಡ್ಡಿ ಅಂದರೆ ಉದ್ದ, ಸಣ್ಣ. ಇದರಿಂದ ಓಲಿಯೊರೆಸಿನ್ ಎಂಬ ಕೆಂಪು ಎಣ್ಣೆ ತೆಗೆಯುತ್ತಾರೆ. ಅದು ಆಹಾರದ ಬಣ್ಣಕ್ಕೆ ಹೋಗುತ್ತದೆ, ಲಿಪ್‌ಸ್ಟಿಕ್‌ನಂಥ ಸೌಂದರ್ಯ ಸಾಮಗ್ರಿಗಳಿಗೂ ಹೋಗುತ್ತದೆ.

ಬ್ಯಾಡಗಿ ಹಾವೇರಿ ಜಿಲ್ಲೆಯ ಊರು. ಆದರೆ ಈ ಕಾಯಿಯಲ್ಲಿ ಹೆಚ್ಚಿನದು ಬೆಳೆಯುವುದು ಬ್ಯಾಡಗಿಯ ಹೊಲದಲ್ಲಲ್ಲ. ಕುಂದಗೋಳ, ಗದಗ, ನವಲಗುಂದ ಕಡೆಯ ಎರೆ ಮಣ್ಣಿನಲ್ಲಿ, ಅದರಾಚೆಗೂ ಬೆಳೆಯುತ್ತದೆ. ಎಲ್ಲ ಬಂದು ಸೇರುವುದು ಬ್ಯಾಡಗಿಯ ಮಾರುಕಟ್ಟೆಗೆ. ಸಂತೆಯ ಹೆಸರೇ ಬೆಳೆಯ ಹೆಸರಾಯಿತು. 2011ರಲ್ಲಿ ಜಿಐ ಬಂತು. ಈಗ ಅದೇ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಹೈಬ್ರಿಡ್ ಕಾಯಿಯೂ ಲಾರಿಗಟ್ಟಲೆ ಬರುತ್ತದೆ. ನೀರಾವರಿಯಲ್ಲಿ ಅದರ ಇಳುವರಿ ಜಾಸ್ತಿ, ಬೆಲೆ ಕಡಿಮೆ. ಕೆಲವು ತಳಿ ನೋಡಲು ಬ್ಯಾಡಗಿಯ ಹಾಗೆಯೇ ಸುಕ್ಕು. ಪುಡಿ ಮಾಡಿ ಬೆರೆಸಿದರೆ ಕಣ್ಣಿನಿಂದ ಹೇಳಲು ಆಗುವುದಿಲ್ಲ. ಬ್ಯಾಡಗಿಯಲ್ಲಿ ಹರಾಜಾದ ಕಾಯಿ ಬೇರೆ, ಬ್ಯಾಡಗಿ ಕಾಯಿ ಬೇರೆ. ಚೀಲದ ಮೇಲೆ ಮಾತ್ರ ಎರಡಕ್ಕೂ ಒಂದೇ ಹೆಸರು ಬೀಳಬಹುದು. ಮಳೆ ನಂಬಿ ನಾಟಿ ತಳಿ ಬೆಳೆದವನಿಗೆ ನಷ್ಟ ಆಗುವುದು ಇಲ್ಲಿ.

2024ರ ಮಾರ್ಚ್ 11ರಂದು ಬೆಲೆ ದಿಢೀರ್ ಕುಸಿಯಿತು ಅಂತ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಆಗ ಮೆಣಸಿನಕಾಯಿಗೆ ಜಿಐ ಬಂದು 13 ವರ್ಷ ಆಗಿತ್ತು. ಜಿಐ ಬೆಲೆ ಕಟ್ಟುವುದಿಲ್ಲ, ಬೆಂಬಲ ಬೆಲೆ ಕೊಡುವುದಿಲ್ಲ. ಅಸಲಿಯನ್ನು ಬೇರೆ ರಾಶಿ ಹಾಕಿ, ಬೇರೆ ಹರಾಜು ಮಾಡಿ, ಬೇರೆ ಚೀಲದಲ್ಲಿ ಕಳಿಸುವ ಏರ್ಪಾಡು ಇದ್ದರೆ ಹೆಸರಿಗೆ ಬೆಲೆ ಬರುತ್ತದೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್ ನೋಡಿ. ಅಲ್ಲಿ ತಯಾರಕರದೇ ಒಂದು ಒಕ್ಕೂಟ ಇದೆ. ಹಾಲು ಆ ಪ್ರದೇಶದ್ದೇ ಆಗಿರಬೇಕು, ಕನಿಷ್ಠ 12 ತಿಂಗಳು ಅಲ್ಲೇ ಮಾಗಬೇಕು, ಗಾಲಿಯಾಕಾರದ ಒಂದೊಂದು ಚೀಸ್ ಗಟ್ಟಿಯನ್ನೂ ಪರೀಕ್ಷೆ ಮಾಡಿದ ಮೇಲೆ ಮುದ್ರೆ ಒತ್ತುತ್ತಾರೆ. ನೀರುಗಂಟಿಗೆ ಸಂಬಳ ಕೊಡುವವರು ಅಚ್ಚುಕಟ್ಟಿನವರೇ. ನಮ್ಮಲ್ಲಿ ಕೆರೆಗೆ ಬೋರ್ಡ್ ಹಾಕಿದ್ದೇವೆ, ತೂಬಿನ ಹತ್ತಿರ ಯಾರೂ ಇಲ್ಲ.

ಕೆರೆ ಕೆಲಸಕ್ಕೆ ಬಂದ ಒಂದು ಉದಾಹರಣೆಯೂ ಇದೆ. ಬೆಂಗಳೂರು ರೋಸ್ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಸಣ್ಣ, ಗಾಢ ಬಣ್ಣದ, ಘಾಟು ಜಾಸ್ತಿ ಇರುವ ಈರುಳ್ಳಿ ಇದು. ನಮ್ಮ ಅಡುಗೆಗೆ ಅಷ್ಟಾಗಿ ಬಳಸುವುದಿಲ್ಲ, ಹೆಚ್ಚಿನದು ಸಿಂಗಪುರ, ಮಲೇಷ್ಯಾ ಕಡೆಗೆ ಹೋಗುತ್ತದೆ. 2015ರಲ್ಲಿ ಜಿಐ ಸಿಕ್ಕಿತ್ತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ಈ ರೈತರೂ ಸಿಕ್ಕಿಬಿದ್ದರು. ಊರಲ್ಲಿ ಮಾರಲು ಗಿರಾಕಿ ಇಲ್ಲ, ಹೊರಗೆ ಕಳಿಸಲು ಸುಂಕದ ಹೊರೆ. ಸೆಪ್ಟೆಂಬರ್ ಕೊನೆಗೆ ಸರ್ಕಾರ ರೋಸ್ ಈರುಳ್ಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಇದು ಅದೇ ಈರುಳ್ಳಿ ಅಂತ ರಾಜ್ಯದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕಿತ್ತು. 2024ರ ಮೇ ಕೊನೆಗೆ ಮತ್ತೆ ಇಂಥದ್ದೇ ವಿನಾಯಿತಿ ಬಂತು. ಬೆಳೆಗೆ ತನ್ನದೇ ಹೆಸರು, ನಕ್ಷೆ, ಗುಣಲಕ್ಷಣ ಎಲ್ಲ ದಾಖಲೆಯಲ್ಲಿ ಇರುವಾಗ "ನಮ್ಮದು ಬೇರೆ" ಅಂತ ವಾದ ಮಾಡುವುದು ಎಷ್ಟು ಸುಲಭ ನೋಡಿ.

ದೇಶದ ಗಡಿ ದಾಟಿದರೆ ನಮ್ಮ ಕಾನೂನು ನಡೆಯುವುದಿಲ್ಲ. ಆಯಾ ದೇಶದಲ್ಲಿ ಮತ್ತೆ ನೋಂದಣಿ ಬೇಕು. ಡಾರ್ಜಿಲಿಂಗ್ ಚಹಾಕ್ಕೆ 2011ರಲ್ಲಿ ಯುರೋಪ್ ಒಕ್ಕೂಟದಲ್ಲಿ ರಕ್ಷಣೆ ಸಿಕ್ಕಿತು. ಬಾಸ್ಮತಿಗಾಗಿ ಭಾರತ ಹಾಕಿದ ಅರ್ಜಿಗೆ ಅಲ್ಲಿ ಪಾಕಿಸ್ತಾನ ತಕರಾರು ಎತ್ತಿತು.

ಹೆಸರು ಉಳಿದು ಬೆಳೆಯೇ ಹೋದರೆ? ನಂಜನಗೂಡು ರಸಬಾಳೆಗೆ ಆಗುತ್ತಿರುವುದು ಹೆಚ್ಚುಕಡಿಮೆ ಅದೇ. ರಾಜ್ಯದಿಂದ ಮೊದಮೊದಲು ಟ್ಯಾಗ್ ಪಡೆದ ಹಣ್ಣುಗಳಲ್ಲಿ ಅದೂ ಒಂದು. ಆದರೆ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ತೋಟಗಳನ್ನು ತಿಂದುಹಾಕಿತು. ಒಮ್ಮೆ ಮಣ್ಣಿಗೆ ಸೇರಿದರೆ ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ರೈತರು ಬೇರೆ ಬಾಳೆಗೆ ಹೋದರು. ರೋಗವಿಲ್ಲದ ಗಿಡ ಕೊಟ್ಟು, ಮಣ್ಣು ಸರಿಮಾಡುವ ಕೆಲಸ ಆಗದಿದ್ದರೆ ಚೆನ್ನೈನ ಪುಸ್ತಕದಲ್ಲಿ ಹೆಸರು ಇದ್ದು ಏನು ಬಂತು?

ಬೀಜದ ವಿಷಯವೂ ಹೀಗೆಯೇ. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆ ಎಂಬ ಕುಲಾಂತರಿ ತಳಿಗೆ ತಡೆ ಹಾಕಿತಲ್ಲ, ಆ ಚರ್ಚೆಯಲ್ಲಿ ಉಡುಪಿ ಗುಳ್ಳದ ಹೆಸರೂ ಇತ್ತು. ನಮ್ಮ ಗುಳ್ಳದೊಳಗೆ ಬೇರೆ ಜೀನ್ ಸೇರಿಸುತ್ತಾರೆ ಅಂತ ಬೆಳೆಗಾರರಿಗೆ ಆತಂಕ ಇತ್ತು. ಆದರೆ ಜಿಐ ಬೀಜವನ್ನು ಕಾಯುವುದಿಲ್ಲ. ಅದಕ್ಕೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕಿನ ಕಾಯ್ದೆ ಬೇರೆ ಇದೆ. ಗುಳ್ಳದ ಬೀಜ ತಗೊಂಡು ಹೋಗಿ ಯಾರು ಎಲ್ಲಿ ಬೇಕಾದರೂ ಬಿತ್ತಬಹುದು. ಮಟ್ಟುಗುಳ್ಳ ಅಂತ ಕರೆದು ಮಾರುವಂತಿಲ್ಲ, ಅಷ್ಟೇ.

ಅಪ್ಪೆಮಿಡಿ ಇಷ್ಟಪಡುವವರಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ ಕಡೆ ಹೊಳೆ ದಂಡೆಯಲ್ಲಿ ತಾನಾಗಿ ಬೆಳೆದ ಕಾಡು ಮಾವು ಅದು. ಸೊನೆಯ ಪರಿಮಳವೇ ಅದರ ಜೀವ. ಜೀರಿಗೆ ವಾಸನೆಯದು ಒಂದು, ಕರ್ಪೂರದ ವಾಸನೆಯದು ಇನ್ನೊಂದು. ಅನಂತಭಟ್ಟನ ಅಪ್ಪೆ ಅಂತ ಮನುಷ್ಯರ ಹೆಸರಿನದೂ ಇದೆ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಅಮೆರಿಕಕ್ಕೆ ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಇದರ ಭರಣಿಗೆ ಜಾಗ ಮಾಡುವ ಅಮ್ಮಂದಿರು ಮಲೆನಾಡಿನಲ್ಲಿ ಬೇಕಾದಷ್ಟು ಇದ್ದಾರೆ. ಜಿಐ ಇರುವುದು ಮಿಡಿಗೆ. ಉಪ್ಪಿನಕಾಯಿ ಹಾಕುವ ಮನೆಯ ಹೆಂಗಸರ ಕೈಗೆ ಅಲ್ಲ. ಮಿಡಿಗೆ ಬೇಡಿಕೆ ಏರಿದ ಹಾಗೆ ಕೊಯ್ಯುವವರು ಅವಸರಕ್ಕೆ ಕೊಂಬೆಯನ್ನೇ ಕಡಿಯುತ್ತಾರೆ. ಹೊಳೆ ದಂಡೆಯ ಹಳೆಯ ಮರಗಳು ಕಡಿಮೆಯಾಗುತ್ತಿವೆ.

ಅದಕ್ಕೇ ಈಗ ಒಳ್ಳೆಯ ಮರ ಹುಡುಕಿ, ಕಡ್ಡಿ ತಂದು, ಕಸಿ ಕಟ್ಟಿ ಗಿಡ ಮಾಡುವವರು ಹೆಚ್ಚಾಗಿದ್ದಾರೆ. ಸಾಗರ, ಶಿರಸಿಯ ನರ್ಸರಿಗಳಲ್ಲಿ ಕಸಿ ಗಿಡ ಸಿಗುತ್ತದೆ. ಮನೆಯಂಗಳದಲ್ಲಿ ನೆಟ್ಟರೆ ಕೆಲವೇ ವರ್ಷದಲ್ಲಿ ಕೈಗೆ ಎಟುಕುವ ಎತ್ತರದಲ್ಲಿ ಮಿಡಿ ಬಿಡುತ್ತದೆ, ಕೊಂಬೆ ಕಡಿಯುವ ಪ್ರಶ್ನೆಯೇ ಬರುವುದಿಲ್ಲ. ಅಂಥ ಒಂದು ಗಿಡವನ್ನು ಯಾರೋ ದಾವಣಗೆರೆಗೋ ತುಮಕೂರಿಗೋ ಒಯ್ದು ನೆಡುತ್ತಾರೆ ಅಂದುಕೊಳ್ಳಿ. ಬಿಟ್ಟ ಮಿಡಿಯ ತೊಟ್ಟು ಮುರಿದರೆ ಅದೇ ಸೊನೆ ಚಿಮ್ಮಬಹುದು, ಪರಿಮಳವೂ ಬರಬಹುದು. ಮನೆಯವರು ಅದನ್ನು ಅಪ್ಪೆಮಿಡಿ ಅಂತಲೇ ಕರೆಯಲಿ, ಉಪ್ಪಿನಲ್ಲಿ ಹಾಕಿಡಲಿ, ನೆಂಟರಿಗೂ ಕೊಡಲಿ. ಪೇಟೆಗೆ ಒಯ್ಯುವ ಬುಟ್ಟಿಯ ಮೇಲೆ ಮಾತ್ರ ಆ ಹೆಸರು ಬರೆಯುವ ಹಾಗಿಲ್ಲ. ನಕ್ಷೆಯ ಗೆರೆ ಅಲ್ಲಿಗೆ ಬರುವ ಎಷ್ಟೋ ಮೊದಲೇ ನಿಂತಿದೆ.